ರವೆಯ ಸದ್ದು ಕೇಳುತ್ತಿದ್ದ ಮೂಲೆಮನೆ ದೊಡ್ಡಮ್ಮ

ರವೆ ಹುರಿಯುವುದು ಮೂಗಿನಿಂದಲೋ, ಕಿವಿಯಿಂದಲೋ? ನಿಧಾನವಾಗಿ ಯೋಚನೆ ಮಾಡಿ ಹೇಳಿ. ಮೂಗಿನಿಂದ ಅಂದವರು ನನ್ನ ಸೊಸೆಯ ಕಡೆಯವರು. ಕೈಯಿಂದ ಅಂದವರು ಬುದ್ಧಿವಂತರೇ, ಆದರೆ ಒಲೆಯ ಮುಂದೆ ಕೂತವರಲ್ಲ. ಕಿವಿಯಿಂದ ಅಂದವರು ಯಾರಾದರೂ ಇದ್ದರೆ ನಮ್ಮ ಮನೆಗೆ ಬನ್ನಿ, ಕಾಫಿ ಕೊಡುತ್ತೇನೆ.

ಮೊನ್ನೆ ಬೆಳಿಗ್ಗೆ ಕಡೂರಿನ ನಮ್ಮ ಮನೆಯಲ್ಲಿ ಸೊಸೆ ರವೆ ಉಂಡೆ ಮಾಡಲು ಹೊರಟಿದ್ದಳು. ನಾನು ಪಡಸಾಲೆಯಲ್ಲಿ ಕೂತು ಈ ಫೋನಿನಲ್ಲಿ ಕನ್ನಡ ಒತ್ತುವುದನ್ನು ಅಭ್ಯಾಸ ಮಾಡುತ್ತಿದ್ದೆ. ಮೊಮ್ಮಗಳು ಕಲಿಸಿಕೊಟ್ಟು ಹದಿನೈದು ದಿನವಾಗಿದೆ. ಒತ್ತಕ್ಷರ ಬಂದಾಗಲೆಲ್ಲ ಬೆರಳು ಎಲ್ಲಿಗೋ ಹೋಗುತ್ತದೆ. ತುಪ್ಪದಲ್ಲಿ ರವೆ ಬಿಸಿಯಾಗುವ ವಾಸನೆ ಮೆಲ್ಲಗೆ ಬಂತು. ಅದರ ಹಿಂದೆಯೇ ಬಾಣಲೆಯಲ್ಲಿ ಸಟ್ಟುಗ ಆಡುವ ಸದ್ದು. ನಾನು ಕೂತಲ್ಲಿಂದಲೇ, ಆಯಿತು, ಇಳಿಸು ಅಂದೆ. ಇನ್ನೂ ಬಣ್ಣವೇ ಬಂದಿಲ್ಲ ಅತ್ತೆ, ಅಲ್ಲಿ ಕೂತು ನಿಮಗೇನು ಗೊತ್ತಾಗುತ್ತೆ ಅಂದಳು. ಒಂದು ನಿಮಿಷವಾಗಿರಬೇಕು, ಬಾಣಲೆಯನ್ನು ದಡಬಡ ಇಳಿಸಿದ್ದೂ ಕೇಳಿಸಿತು. ತಳದ ರವೆ ಕೆಂಪಗಾಗಿತ್ತು. ನಾನು ಏನೂ ಅನ್ನಲಿಲ್ಲ. ಅನ್ನದೇ ಕೂತಿರುವುದರಲ್ಲೂ ಒಂದು ಸುಖವಿದೆ... ಆ ವಾಸನೆ ಮಾತ್ರ ನನ್ನನ್ನು ಹಿಡಿದುಕೊಂಡು ಸೀದಾ ಅಜ್ಜಂಪುರದ ಒಂದು ಬೀದಿಗೆ ಹೋಯಿತು.

ನಾನು ಸಿಂಗಟಗೆರೆ ಕಡೆಯವಳು. ಎಪ್ಪತ್ತೈದರ ಆಸುಪಾಸಿನಲ್ಲಿ ಮದುವೆಯಾಗಿ ಅಜ್ಜಂಪುರಕ್ಕೆ ಬಂದೆ. ಗಂಡನ ಮನೆಯವರಿಗೆ ಒಂದಿಷ್ಟು ಹೊಲ, ಒಂದಿಷ್ಟು ಕೊಬ್ಬರಿ ವ್ಯಾಪಾರ. ಮನೆಯಲ್ಲಿ ಅತ್ತೆ, ಮಾವ, ನನ್ನ ಯಜಮಾನರು. ಒಬ್ಬಳೇ ನಾದಿನಿ, ಅವಳನ್ನು ತರೀಕೆರೆಗೆ ಕೊಟ್ಟಿದ್ದರು. ನಮ್ಮ ಬೀದಿ ತಿರುಗುವ ಮೂಲೆಯಲ್ಲಿ ಒಂದು ಚಿಕ್ಕ ಹೆಂಚಿನ ಮನೆ. ಆ ಮನೆಯಾಕೆಯನ್ನು ನಮ್ಮ ಯಜಮಾನರು ದೊಡ್ಡಮ್ಮ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸಂಬಂಧ ಅಂತ ಹೇಳಿಕೊಳ್ಳಲು ಏನೂ ಇರಲಿಲ್ಲ. ಒಂದೇ ಬೀದಿಯ ನೀರು ಕುಡಿದಿದ್ದೆವು, ಅಷ್ಟೇ.

ದೊಡ್ಡಮ್ಮನಿಗೆ ಆಗ ಐವತ್ತು ದಾಟಿತ್ತು. ಕುಳ್ಳಗೆ, ಗಟ್ಟಿಯಾಗಿ, ಹಣೆಯಲ್ಲಿ ಅಗಲ ವಿಭೂತಿ. ಗಂಡ ರೈಲ್ವೆ ಗ್ಯಾಂಗಿನಲ್ಲಿ ದುಡಿದು ಮನೆಯಲ್ಲಿ ಕೂತಿದ್ದರು. ಮಕ್ಕಳಿಲ್ಲ, ಜಮೀನಿಲ್ಲ. ಆದರೆ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಅಡಿಗೆಮನೆಯಲ್ಲಿ ಮೊದಲ ಮಣೆ ಹಾಕುತ್ತಿದ್ದುದು ಅವರಿಗೇ. ರವೆ ಉಂಡೆ, ಸಜ್ಜಪ್ಪ, ಚಿರೋಟಿ... ರವೆಯಲ್ಲಿ ಆಗುವ ಸಿಹಿ ಯಾವುದೇ ಇರಲಿ, ಅವರ ಕೈ ಬೀಳದೆ ಒಲೆ ಹತ್ತುತ್ತಿರಲಿಲ್ಲ. ಹತ್ತು ಎಕರೆ ತೋಟವಿದ್ದ ಮನೆಯ ಹೆಂಗಸರೂ ಎದ್ದು ನಿಂತು, ಬನ್ನಿ ಅಕ್ಕ, ನೀವಿಲ್ಲದೆ ಹೇಗೆ ಅನ್ನುತ್ತಿದ್ದರು. ಆ ಒಂದು ಮಾತಿನ ಮೇಲೆ ದೊಡ್ಡಮ್ಮ ತಲೆಯೆತ್ತಿ ನಡೆಯುತ್ತಿದ್ದರು.

ಅವರದು ಒಂದು ಕಟ್ಟುಪಾಡು. ರವೆ ಒಲೆಯ ಮೇಲಿರುವಾಗ ಅಡಿಗೆಮನೆಯಲ್ಲಿ ಯಾರೂ ಇರಬಾರದು. ಇದ್ದರೂ ಉಸಿರೆತ್ತಬಾರದು. ಕೂರುವ ಮೊದಲು ಕಿವಿಯ ಓಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಬಳೆಗಳನ್ನು ಮೊಣಕೈವರೆಗೆ ಏರಿಸಿ ಒಂದು ಬಟ್ಟೆ ಸುತ್ತುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ವಾಲಿಸಿ, ಸಟ್ಟುಗ ಆಡಿಸುತ್ತ ಕೂತರೆ ಪೂಜೆಗೆ ಕೂತ ಹಾಗೆ ಕಾಣುತ್ತಿತ್ತು. ಮನೆದೇವರಿಗೆ ಹರಕೆಯಿರಬೇಕು ಅಂತ ಬೀದಿಯವರು ತೀರ್ಮಾನ ಮಾಡಿದ್ದರು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾನು ಬಂದ ಎರಡನೇ ವರ್ಷ ನಾದಿನಿಗೆ ಏಳು ತಿಂಗಳು ತುಂಬಿತು. ಕುಬುಸ ಮಾಡಬೇಕಿತ್ತು. ಬಸುರಿಯನ್ನು ತವರಿನಲ್ಲಿ ಕೂರಿಸಿ, ಹಸಿರು ಬಳೆ ತೊಡಿಸಿ, ಮಡಿಲು ತುಂಬುವ ಶಾಸ್ತ್ರ. ತರೀಕೆರೆಯಿಂದ ಬೀಗರು ಬರುವವರು. ಹೋಗುವಾಗ ಅವರ ಬೀದಿಗೆ ಹಂಚಲು ಉಂಡೆ ಕಟ್ಟಿಕೊಡಬೇಕು. ಮುನ್ನೂರು ರವೆ ಉಂಡೆ ಎಂದು ನಮ್ಮತ್ತೆ ನಿಶ್ಚಯ ಮಾಡಿದರು. ಆ ಬೀಗರ ಮನೆಯ ಹಿರಿಯಜ್ಜಿಯ ನಾಲಿಗೆ ತರೀಕೆರೆಯಲ್ಲೆಲ್ಲ ಪ್ರಸಿದ್ಧ. ಮದುವೆಯಲ್ಲಿ ಪಾಯಸಕ್ಕೆ ಏಲಕ್ಕಿ ಕಡಿಮೆಯಾಯಿತು ಅಂತ ಎರಡು ವರ್ಷ ಆಡಿಕೊಂಡವರು. ಹಾಗಾಗಿ ನಮ್ಮತ್ತೆ ಮೂರು ದಿನ ಮೊದಲೇ ಮೂಲೆಮನೆಗೆ ಹೋಗಿ ದೊಡ್ಡಮ್ಮನಿಗೆ ಕುಂಕುಮ ಕೊಟ್ಟು ಕರೆದು ಬಂದರು.

ಮಾವನವರು ಸಂತೆಯ ದಿನ ಎರಡು ಸಣ್ಣ ಚೀಲ ರವೆ, ಸಕ್ಕರೆ, ಜೊತೆಗೆ ಮನೆಗೆ ಬೇಕಾದ ಸೀಮೆಎಣ್ಣೆ, ಎಲ್ಲವನ್ನೂ ಒಂದೇ ಗಾಡಿಗೆ ಹೇರಿಕೊಂಡು ಬಂದರು. ಸೀಮೆಎಣ್ಣೆ ಡಬ್ಬದ ಬಾಯಿಗೆ ಬಟ್ಟೆ ತುರುಕಿತ್ತು. ದಾರಿ ಹೇಗಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ಗಾಡಿ ಕುಲುಕಿದ ಹಾಗೆಲ್ಲ ಒಂದಿಷ್ಟು ಚೆಲ್ಲಿ, ಪಕ್ಕದ ರವೆ ಚೀಲ ಕುಡಿದಿರಬೇಕು. ಇಳಿಸಿದಾಗ ಯಾರಿಗೂ ಗೊತ್ತಾಗಲಿಲ್ಲ. ಬುಡ್ಡಿ, ಲಾಂದ್ರ, ಸ್ಟೌವ್ ಎಲ್ಲ ಇಡುತ್ತಿದ್ದ ಉಗ್ರಾಣದಲ್ಲೇ ಚೀಲಗಳನ್ನೂ ಇಟ್ಟೆವು. ಆ ಕೋಣೆಗೆ ಯಾವತ್ತೂ ಅದೇ ವಾಸನೆ.

ಕುಬುಸದ ದಿನ ಬೆಳಿಗ್ಗೆ ದೊಡ್ಡಮ್ಮ ಒಲೆಯ ಮುಂದೆ ಕೂತರು. ರವೆ ಅಳೆದು ಕೊಡಲು, ತುಪ್ಪ ಎತ್ತಿ ಕೊಡಲು ಒಬ್ಬರು ಬೇಕಿತ್ತು. ನಮ್ಮತ್ತೆ ನನ್ನನ್ನು ಮುಂದೆ ತಳ್ಳಿದರು. ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನ್ನ ಬಾಯಿಯ ವಿಚಾರ ಆಗಲೇ ಮೂಲೆಮನೆಗೂ ಮುಟ್ಟಿತ್ತು. ಅವರು ಏನೂ ಹೇಳದೆ ನಿಂಬೆಹಣ್ಣಿನಷ್ಟು ದೊಡ್ಡ ಕಲ್ಲುಸಕ್ಕರೆ ತೆಗೆದು ನನ್ನ ಬಾಯಿಗೆ ತುರುಕಿದರು. ಅದು ಕರಗುವ ತನಕ ನಾನು ಮಾತಾಡುವ ಹಾಗಿರಲಿಲ್ಲ. ನನ್ನನ್ನು ಅಷ್ಟು ಹೊತ್ತು ಸುಮ್ಮನಿರಿಸಿದವರು ನನ್ನ ಜೀವಮಾನದಲ್ಲಿ ಅವರೊಬ್ಬರೇ.

ಮೊದಲೆರಡು ಒಬ್ಬೆ ಚೆನ್ನಾಗಿ ಬಂತು. ಹುರಿದ ರವೆಯನ್ನು ದೊಡ್ಡ ಹಿತ್ತಾಳೆ ಹರಿವಾಣಕ್ಕೆ ಸುರಿದು, ಮೇಲೆ ತುರಿದ ಕೊಬ್ಬರಿ ಹರಡಿದ್ದರು. ಮೂರನೆಯದಕ್ಕೆ ನಾನು ಎರಡನೇ ಚೀಲದ ಬಾಯಿ ಬಿಚ್ಚಿ ಅಳೆದು ಕೊಟ್ಟೆ. ಬಾಣಲೆ ಬಿಸಿಯಾಗುತ್ತಿದ್ದಂತೆ ತುಪ್ಪದ ವಾಸನೆಯ ಒಳಗಿನಿಂದ ಇನ್ನೊಂದು ವಾಸನೆ ತಲೆಯೆತ್ತಿತು. ಸೀಮೆಎಣ್ಣೆ. ಮೊದಲು ನನ್ನ ಕೈಯನ್ನೇ ಮೂಸಿಕೊಂಡೆ. ಆಮೇಲೆ ಒಲೆಯ ಪಕ್ಕ ನೋಡಿದೆ. ಆಮೇಲೆ ಬಾಣಲೆಯ ಕಡೆ ಬಗ್ಗಿದೆ, ಕಣ್ಣಲ್ಲಿ ನೀರು ಬರುವಷ್ಟು ಘಾಟು. ದೊಡ್ಡಮ್ಮನ ಮುಖ ನೋಡಿದರೆ ಕಣ್ಣು ಮುಚ್ಚಿ, ತಲೆ ವಾಲಿಸಿ, ತಣ್ಣಗೆ ಸಟ್ಟುಗ ಆಡಿಸುತ್ತಿದ್ದಾರೆ. ಮೂಗಿನ ಹೊಳ್ಳೆ ಒಂದಿಷ್ಟೂ ಅಲುಗಲಿಲ್ಲ.

ಆಗ ನನಗೆ ಗೊತ್ತಾಯಿತು. ಈ ಹೆಂಗಸಿಗೆ ವಾಸನೆಯೇ ತಿಳಿಯುವುದಿಲ್ಲ.

ಹೊರಗೆ ಪಡಸಾಲೆಯಲ್ಲಿ ಬೀದಿಯ ಹೆಂಗಸರೆಲ್ಲ ಕೂತು ಕೊಬ್ಬರಿ ತುರಿಯುತ್ತಿದ್ದರು. ದೊಡ್ಡಮ್ಮ ಕಣ್ಣು ತೆರೆದು, ಹದ ಬಂತು ಅನ್ನುವಂತೆ ತಲೆಯಾಡಿಸಿ, ಬಾಣಲೆ ಎತ್ತಲು ಬಟ್ಟೆ ತೆಗೆದುಕೊಳ್ಳಲೆಂದು ಅತ್ತ ತಿರುಗಿದರು. ಹರಿವಾಣಕ್ಕೆ ಸುರಿದರೆ ಮೊದಲೆರಡು ಒಬ್ಬೆಯೂ ಹೋಯಿತು. ಕೂಗಿ ಹೇಳೋಣವೆಂದರೆ ಬಾಯಲ್ಲಿ ಕಲ್ಲುಸಕ್ಕರೆ. ಹೇಳಿದರೂ, ಹೊರಗಿನವರು ಒಳಗೆ ನುಗ್ಗಿದರೆ ಮೊದಲು ಅವರ ಮೂಗಿಗೆ ಘಾಟು ಬಡಿಯುತ್ತೆ, ಆಮೇಲೆ ಎಲ್ಲರೂ ದೊಡ್ಡಮ್ಮನ ಮುಖ ನೋಡುತ್ತಾರೆ. ಅಷ್ಟೆಲ್ಲ ಯೋಚನೆ ಮಾಡಿದೆ ಅಂತ ಈಗ ಬರೆಯುತ್ತಿದ್ದೇನೆ. ಆಗ ಮಾಡಿದೆನೋ ಇಲ್ಲವೋ... ಪಕ್ಕದಲ್ಲಿ ತುಂಬಿದ ನೀರಿನ ಕೊಡವಿತ್ತು. ಅದನ್ನು ಎತ್ತಿ ಬಾಣಲೆಗೂ ರವೆ ಚೀಲಕ್ಕೂ ಸೇರಿಸಿ ಮಗುಚಿಬಿಟ್ಟೆ.

ಚುಯ್ಯ್ ಎಂದು ಎದ್ದ ಹಬೆಗೆ ಅಡಿಗೆಮನೆ ಮುಚ್ಚಿಹೋಯಿತು. ಮೊದಲು ಒಳಗೆ ಬಂದವರು ನಮ್ಮತ್ತೆ. ನಾನು ಕಲ್ಲುಸಕ್ಕರೆ ಕೆನ್ನೆಗೆ ಸರಿಸಿ, ಕೈ ಜಾರಿತು ಅಂದೆ. ಅವರು ಬಾಣಲೆ ನೋಡಿದರು, ಚೀಲ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಶುರು ಮಾಡಿದರು ನೋಡಿ. ನನ್ನ ತವರಿನವರು ಏನು ಕಲಿಸಿದ್ದಾರೆ ಎನ್ನುವಲ್ಲಿಂದ ಹಿಡಿದು, ಹಿಂದಿನ ವಾರ ನಾನು ಒಡೆದ ಮೊಸರಿನ ಗಡಿಗೆಯವರೆಗೂ ಬಂತು. ಅಷ್ಟು ಗಟ್ಟಿಯಾಗಿ ಅವರು ಬೈದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಬಾಗಿಲಿಗೆ ಬಂದ ಹೆಂಗಸರನ್ನೆಲ್ಲ, ಇಲ್ಲೇನು ನೋಡುತ್ತೀರಿ, ನಿಮ್ಮ ನಿಮ್ಮ ಮನೆಯಲ್ಲಿ ಇರುವಷ್ಟು ರವೆ ತನ್ನಿ ಎಂದು ಅಟ್ಟಿದರು. ಬೀದಿಯ ತುಂಬ ಸುದ್ದಿಯಾಯಿತು. ಆ ದಿನದಿಂದ ನನಗೆ ಕೈಜಾರಿ ಅಂತ ಹೆಸರು ಬಿತ್ತು. ಹಾಲಿನ ಚೊಂಬು ನನ್ನ ಕೈಗೆ ಕೊಡುವಾಗಲೂ ಒಂದು ನಗೆ ಇದ್ದೇ ಇರುತ್ತಿತ್ತು.

ದೊಡ್ಡಮ್ಮ ಮಾತ್ರ ನನ್ನ ಮೇಲೆ ಕೆಂಡದಂತಾಗಿದ್ದರು. ತುಟಿ ಬಿಗಿದುಕೊಂಡು, ಒದ್ದೆ ರವೆಯನ್ನು ಬಕೆಟ್ಟಿಗೆ ಬಳಿದು, ಬಾ ಎಂಬಂತೆ ಸನ್ನೆ ಮಾಡಿ ಹಿತ್ತಲಿಗೆ ನಡೆದರು. ಎಮ್ಮೆಯಾದರೂ ತಿನ್ನಲಿ ಅಂತ ಬಾನಿಗೆ ಸುರಿದರು. ನಮ್ಮ ಎಮ್ಮೆ ಹಳೇ ಗೋಣಿಚೀಲವನ್ನೂ ಬಿಟ್ಟದ್ದಲ್ಲ. ಅದು ಮೂತಿ ಇಟ್ಟು, ಬುಸ್ ಎಂದು, ತಲೆ ಕೊಡವಿ ಹಿಂದೆ ಸರಿಯಿತು. ದೊಡ್ಡಮ್ಮ ಬಾನಿಯನ್ನು ಮತ್ತೆ ಹತ್ತಿರ ತಳ್ಳಿದರು. ಎಮ್ಮೆ ಅತ್ತ ತಿರುಗಿ ನಿಂತಿತು.

ದೊಡ್ಡಮ್ಮ ಸ್ವಲ್ಪ ಹೊತ್ತು ಎಮ್ಮೆಯನ್ನೇ ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು.

"ಎಂಥಾ ವಾಸ್ನೆ ಬಂತು?"

"ಸೀಮೆಎಣ್ಣೆ ಕಣ್ ದೊಡ್ಡಮ್ಮ."

ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಆಮೇಲೆ ಒಂದೊಂದೇ ಮಾತು ಹೊರಬಂತು. ಹನ್ನೆರಡು ವರ್ಷದ ಹಿಂದೆ ವಿಷಮಶೀತ ಜ್ವರ ಬಂದಿತ್ತಂತೆ. ನಲವತ್ತು ದಿನ ಮಲಗಿ ಎದ್ದಾಗ ಜೀವ ಉಳಿದಿತ್ತು, ವಾಸನೆ ಹೋಗಿತ್ತು. ಮಲ್ಲಿಗೆಯೂ ಒಂದೇ, ಸಗಣಿಯೂ ಒಂದೇ. ಗಂಡನಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಅವರ ಕೈ ಹೆಸರಾಗಿತ್ತು. ಎದ್ದ ತಿಂಗಳೇ ಯಾರದೋ ಮನೆಯವರು ಚಿರೋಟಿಗೆ ಕರೆದರು, ಇಲ್ಲವೆನ್ನಲು ಆಗಲಿಲ್ಲ. ಬಾಣಲೆಯ ಮುಂದೆ ಭಯದಲ್ಲಿ ಕೂತಾಗ, ರವೆ ಸದ್ದು ಮಾಡುತ್ತದೆ ಅನ್ನುವುದು ಮೊದಲ ಸಲ ಕೇಳಿಸಿತಂತೆ. ಅಲ್ಲಿಂದ ಇಲ್ಲಿಯ ತನಕ ಕಿವಿಯೇ ಮೂಗು. ಓಲೆ ಬಿಚ್ಚುವುದು, ಬಳೆ ಕಟ್ಟುವುದು, ಯಾರೂ ಉಸಿರೆತ್ತಬಾರದು ಅನ್ನುವುದು, ಎಲ್ಲ ಅದಕ್ಕೇ.

"ವಾಸ್ನೆ ಗೊತ್ತಾಗ್ದೋಳು ಅಂತ ತಿಳುದ್ರೆ ನನ್ನ ಯಾರು ಒಲೆ ಮುಂದೆ ಕೂರುಸ್ತಾರೆ ಹೇಳು," ಅಂದರು. "ಒಲೆ ಮುಂದೆ ಕೂರ್ದೆ ಹೋದ್ರೆ, ಈ ಬೀದೀಲಿ ನಾನ್ಯಾರು?"

ನಾನು ಅವರ ಪಕ್ಕದಲ್ಲಿ ಕೂತೆ. ಆ ವಯಸ್ಸಿನಲ್ಲಿ ಸಮಾಧಾನ ಹೇಳಲು ಬರುತ್ತಿರಲಿಲ್ಲ, ತಮಾಷೆ ಮಾಡಲು ಬರುತ್ತಿತ್ತು. ನಿಮ್ಮದು ಕಿವಿ, ನನ್ನದು ಮೂಗು, ಇಬ್ಬರೂ ಸೇರಿದರೆ ಒಂದು ಪೂರ್ತಿ ಹೆಂಗಸು ಆಗುತ್ತೆ ದೊಡ್ಡಮ್ಮ ಅಂದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು, ಎದ್ದೇಳು, ಬೀಗರು ಬರುವ ಹೊತ್ತಾಯಿತು ಅಂದರು. ಅಷ್ಟೇ. ಆದರೆ ಒಳಗೆ ಹೋಗುವಾಗ ನನ್ನ ಕೈ ಹಿಡಿದುಕೊಂಡಿದ್ದರು.

ಅಷ್ಟು ಹೊತ್ತಿಗೆ ಮನೆ ಮನೆಯಿಂದ ರವೆ ಬಂದಿತ್ತು. ಮೊರದಲ್ಲಿ, ಡಬ್ಬಿಯಲ್ಲಿ, ಸೆರಗಿನಲ್ಲಿ. ಒಬ್ಬರದು ದಪ್ಪ ರವೆ, ಒಬ್ಬರದು ಸಣ್ಣದು, ಮತ್ತೊಬ್ಬರದು ಮನೆಯ ಬೀಸುವ ಕಲ್ಲಿನಲ್ಲಿ ಒಡೆದದ್ದು. ಒಟ್ಟಿಗೆ ಸುರಿದು ಹುರಿದರೆ ಸಣ್ಣದು ಸೀದು ದಪ್ಪದು ಹಸಿ ಉಳಿಯುತ್ತೆ. ಬೇರೆ ಯಾರಾದರೂ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ದೊಡ್ಡಮ್ಮ ಎಲ್ಲವನ್ನೂ ಜರಡಿ ಹಿಡಿದು ಮೂರು ಗುಡ್ಡೆ ಮಾಡಿದರು. ಒಂದೊಂದನ್ನೂ ಬೇರೆ ಬೇರೆ ಹುರಿದರು. ನಾನು ಅವರ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತೆ. ಪ್ರತಿ ಹಿಡಿ ರವೆಯನ್ನೂ ಮೊದಲು ನಾನು ಮೂಸಿದೆ, ಆಮೇಲೆ ಅವರು ಕೇಳಿಸಿಕೊಂಡರು. ಬಿಸಿ ಹಾಲು ಚಿಮುಕಿಸಿ, ಕೈ ಸುಡುವಾಗಲೇ ಕಟ್ಟಿದೆವು. ಬೀಗರ ಬಂಡಿ ಬೀದಿಗೆ ತಿರುಗುವಷ್ಟರಲ್ಲಿ ಮುನ್ನೂರೂ ಹರಿವಾಣಗಳಲ್ಲಿ ಸಾಲಾಗಿ ಕೂತಿದ್ದವು, ಒಂದರ ಹಾಗೆ ಒಂದು.

ತರೀಕೆರೆಯ ಹಿರಿಯಜ್ಜಿ ಒಂದು ಉಂಡೆ ಎತ್ತಿ ತಿರುಗಿಸಿ ನೋಡಿದರು, ಮೂಸಿದರು, ಮುರಿದರು. ಬಾಯಿಗೆ ಹಾಕಿಕೊಂಡು ನಿಧಾನವಾಗಿ ಜಗಿದರು. ನಮ್ಮತ್ತೆಯ ಮುಖದಲ್ಲಿ ಬೆವರು. ಕೊನೆಗೆ ಅಜ್ಜಿ, ಇದನ್ನು ಮಾಡಿದವರು ಯಾರು, ನಮ್ಮ ಮನೆಯ ಮುಂದಿನ ಮದುವೆಗೆ ಅವರನ್ನು ಕಳಿಸುತ್ತೀರಾ ಅಂತ ಕೇಳಿದರು. ದೊಡ್ಡಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದರು. ನನ್ನ ಬೆನ್ನಿಗೆ ಮೆಲ್ಲಗೆ ಒಂದು ಗುದ್ದು ಬಿತ್ತು. ಅದರಷ್ಟು ದೊಡ್ಡ ಬಹುಮಾನ ನನಗೆ ಆಮೇಲೆ ಯಾರೂ ಕೊಟ್ಟಿಲ್ಲ.

ಅಲ್ಲಿಂದ ಹತ್ತು ಹನ್ನೊಂದು ವರ್ಷ ನಾವಿಬ್ಬರೂ ಜೋಡಿ. ತರೀಕೆರೆಗೆ ಹೋದೆವು, ಕಡೂರಿಗೆ ಹೋದೆವು. ಬುಕ್ಕಾಂಬುಧಿಯ ಒಂದು ಮದುವೆಗೆ ಗಾಡಿಯಲ್ಲಿ ಕೆರೆ ಏರಿಯ ಮೇಲೆ ಹೋಗುವಾಗ ಬಾಣಲೆಗಳು ಕುಣಿದು ಕುಣಿದು ದೊಡ್ಡಮ್ಮ ಕಿವಿ ಮುಚ್ಚಿಕೊಂಡು ಕೂತಿದ್ದರು, ಕಿವಿ ಹಾಳಾದರೆ ನನ್ನ ಗತಿ ಏನು ಅಂತ. ಕೈಜಾರಿಯನ್ನು ಯಾಕೆ ಕಟ್ಟಿಕೊಂಡು ಓಡಾಡುತ್ತೀರಿ ಅಂತ ಎಲ್ಲ ಕಡೆ ಕೇಳುವವರು ಇದ್ದರು. ಕಣ್ಣೆದುರಿಗಿದ್ದರೆ ಅಷ್ಟು ಬೀಳಿಸುವುದಿಲ್ಲ ಅಂತ ದೊಡ್ಡಮ್ಮ ಉತ್ತರ ಕೊಡುತ್ತಿದ್ದರು. ನಮ್ಮ ಗುಟ್ಟಿನ ಭಾಷೆ ಮೊಣಕಾಲಿನಲ್ಲಿತ್ತು. ಒಂದು ಸಲ ತಾಗಿಸಿದರೆ ಘಮ ಎದ್ದಿದೆ ಅಂತ. ಎರಡು ಸಲ ತಾಗಿಸಿದರೆ ಏನೋ ಎಡವಟ್ಟು, ತುಪ್ಪ ಹಳಸಿದೆಯೋ, ಕೊಬ್ಬರಿ ಮುಗ್ಗಿದೆಯೋ, ನೋಡಿ ಅಂತ. ಒಂದು ಮನೆಯಲ್ಲಿ ಸೊಳ್ಳೆ ಕಚ್ಚಿ ನಾನು ಕಾಲು ಒದರಿದ್ದಕ್ಕೆ ಒಂದು ಸೇರು ಒಳ್ಳೆಯ ತುಪ್ಪ ಪಕ್ಕಕ್ಕೆ ಹೋಗಿತ್ತು...

ಸದ್ದನ್ನೂ ಕಲಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸುತ್ತಿದ್ದರು. ಹಸಿ ರವೆ ಒದ್ದೆ ಮರಳಿನ ಹಾಗೆ ಮಂಕಾಗಿ ಹೊರಳುತ್ತದೆ. ಆಮೇಲೆ ಹಗುರವಾಗಿ ಬಾಣಲೆಯ ಅಂಚಿಗೆ ಚಿಲಿಚಿಲಿ ಸಿಡಿಯುತ್ತದೆ. ಕೊನೆಗೆ ಒಂದು ಗಳಿಗೆ ಬರುತ್ತದೆ, ಹೊಸ ರೇಷ್ಮೆ ಸೀರೆಯ ಮಡಿಕೆ ಬಿಚ್ಚಿದ ಹಾಗೆ ಸರ್ ಅನ್ನುತ್ತದೆ. ಅಲ್ಲೇ ಇಳಿಸಬೇಕು. ಇನ್ನೊಂದು ಗಳಿಗೆ ಬಿಟ್ಟರೂ ಅದು ಮಾತು ಬದಲಿಸುತ್ತದೆ. ನನಗೆ ಅದು ಕೇಳಿಸಲು ನಾಲ್ಕು ವರ್ಷ ಬೇಕಾಯಿತು. ಕೇಳಿಸಿದ ದಿನ ದೊಡ್ಡಮ್ಮ ಬೀದಿಗೆಲ್ಲ ಸಜ್ಜಿಗೆ ಹಂಚಿದರು. ಯಾಕೆ ಅಂತ ಕೇಳಿದವರಿಗೆ, ಸುಮ್ಮನೆ, ಮನಸ್ಸಾಯಿತು ಅಂದರು.

ಎಂಬತ್ತೇಳರ ಸುಮಾರಿಗೆ ನಮ್ಮ ಮನೆಗೆ ಎರಡು ಅಂಕಣ ಸೇರಿಸಿ ಕಟ್ಟಿಸಿದೆವು. ಹೊಸ ಅಡಿಗೆಮನೆಯಲ್ಲಿ ಹಾಲು ಉಕ್ಕಿಸುವ ದಿನ ರವೆ ಉಂಡೆ, ಸಜ್ಜಪ್ಪ ಎರಡೂ ಇತ್ತು. ಅಷ್ಟರಲ್ಲಿ ದೊಡ್ಡಮ್ಮ ಕೆಲವು ತಿಂಗಳಿಂದ ಗಟ್ಟಿಯಾಗಿ ಮಾತಾಡುತ್ತಿದ್ದರು, ಕರೆದರೆ ತಿರುಗುತ್ತಿರಲಿಲ್ಲ. ನಾನು ಗಮನಿಸಿದ್ದೆ, ಗಮನಿಸದ ಹಾಗೆ ಇದ್ದೆ. ಅವರು ಒಲೆಯ ಮುಂದೆ ಕೂತು, ಕಣ್ಣು ಮುಚ್ಚಿ, ಸಟ್ಟುಗ ಆಡಿಸಿದರು. ತಲೆ ಈ ಕಡೆ ವಾಲಿಸಿದರು, ಆ ಕಡೆ ವಾಲಿಸಿದರು. ಓಲೆ ಬಿಚ್ಚಿದ್ದೇನೋ ಇಲ್ಲವೋ ಅಂತ ಕಿವಿ ಮುಟ್ಟಿ ನೋಡಿಕೊಂಡರು. ಬಿಚ್ಚಿತ್ತು. ನಾನು ಮೊಣಕಾಲು ತಾಗಿಸಿದೆ. ಅವರು ಕಣ್ಣು ತೆರೆದು ನನ್ನನ್ನೇ ನೋಡಿದರು... ಆಮೇಲೆ ಬಾಣಲೆ ಇಳಿಸಿ, ಪಡಸಾಲೆಯಲ್ಲಿದ್ದ ಹೆಂಗಸರನ್ನೆಲ್ಲ ಒಳಗೆ ಬನ್ನಿ ಅಂತ ಕೂಗಿದರು.

ರವೆ ಒಲೆಯ ಬಳಿಯಿರುವಾಗ ಅವರು ಯಾರನ್ನೂ ಒಳಗೆ ಕರೆದದ್ದಿಲ್ಲ. ಎಲ್ಲರೂ ಗಾಬರಿಯಿಂದ ಬಂದು ಗೋಡೆಗೆ ಒತ್ತಿ ನಿಂತರು. ದೊಡ್ಡಮ್ಮ ಕೂತಲ್ಲಿಂದಲೇ ಹೇಳಿದರು. ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು ತನಗೆ ವಾಸನೆಯಿಲ್ಲ ಅಂತ. ಕಿವಿಯಲ್ಲಿ ನಡೆಸಿದೆ, ಈಗ ಅದೂ ಹೋಯಿತು ಅಂತ. ಆಮೇಲೆ ಸೀದಾ ನಮ್ಮತ್ತೆಯ ಕಡೆ ಕೈ ತೋರಿಸಿದರು.

"ನಿನ್ ಮಗ್ಳ ಕುಬುಸದ ದಿವ್ಸ ನಿನ್ ಸೊಸೆ ಕೈ ಜಾರ್ಲಿಲ್ಲ ಕಣೇ. ರವೆಗೆ ಸೀಮೆಎಣ್ಣೆ ಬಿದ್ದಿತ್ತು. ನನ್ನ ಮಾನ ಉಳ್ಸಕ್ಕೆ ನೀರು ಹುಯ್ದ್ಲು. ಇನ್ಮೇಲೆ ಯಾರೂ ಅವ್ಳನ್ನ ಕೈಜಾರಿ ಅನ್ಬ್ಯಾಡ್ರಿ."

ನಾದಿನಿಯೂ ಆ ದಿನ ತರೀಕೆರೆಯಿಂದ ಬಂದಿದ್ದಳು, ಅವಳೂ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಎಲ್ಲರೂ ನಮ್ಮತ್ತೆಯ ಮುಖ ನೋಡಿದರು. ನಮ್ಮತ್ತೆ ಸೆರಗು ಸರಿಮಾಡಿಕೊಂಡು, ನನಗೆ ಮಾತ್ರ ಹೇಳುವಂತೆ ಹೇಳಿದರು.

"ನಂಗೇನು ಮೂಗಿಲ್ವಾ? ಬಾಗ್ಲಲ್ಲೇ ಘಾಟು ಬಡ್ದಿತ್ತು. ಅವತ್ತು ನಿನ್ನ ಜೋರಾಗಿ ಬೈದಿದ್ಯಾಕೆ ಅನ್ಕೊಂಡೆ? ಎಲ್ರೂ ನಿನ್ ಮುಖ ನೋಡ್ಲಿ, ಅವ್ಳ ಕಡೆ ನೋಡ್ದೆ ಇರ್ಲಿ ಅಂತ."

ನನ್ನ ಕೈಯಲ್ಲಿದ್ದ ತುಪ್ಪದ ಬಟ್ಟಲು ಆ ದಿನ ನಿಜವಾಗಿಯೂ ಜಾರಬೇಕಿತ್ತು. ಹನ್ನೊಂದು ವರ್ಷ ಈ ಹೆಂಗಸು ಒಂದು ಮಾತು ಆಡಿರಲಿಲ್ಲ. ನಾನು ಅವರನ್ನು ಬಾಯಿಬಡುಕಿ ಅಂತ ಎಷ್ಟು ಜನರ ಹತ್ತಿರ ಹೇಳಿದ್ದೆನೋ.

ದೊಡ್ಡಮ್ಮನಿಗೆ ಮಾತ್ರ ಏನೂ ಕೇಳಿಸಿರಲಿಲ್ಲ. ತುಟಿ ಅಲುಗಿದ್ದು ಕಂಡಿತ್ತು, ಅಷ್ಟೇ. ಏನಂದಳು ನಿಮ್ಮತ್ತೆ ಅಂತ ನನ್ನ ಸೆರಗು ಎಳೆದು ಕೇಳಿದರು. ನಾನು ಅವರ ಕಿವಿಯ ಹತ್ತಿರ ಬಗ್ಗಿ ಕೂಗಿದೆ.

"ನಂಬಕ್ಕೇ ಆಗ್ತಿಲ್ವಂತೆ ದೊಡ್ಡಮ್ಮ. ಒಂಚೂರೂ ಗೊತ್ತಾಗ್ಲಿಲ್ವಂತೆ."

ನಮ್ಮತ್ತೆ ಒಂದು ಗಳಿಗೆ ನನ್ನನ್ನು ನೋಡಿ, ದೊಡ್ಡಮ್ಮನ ಕಡೆ ತಿರುಗಿ, ಹೌದು ಎಂಬಂತೆ ದೊಡ್ಡದಾಗಿ ತಲೆಯಾಡಿಸಿದರು. ಗೋಡೆಗೆ ಒತ್ತಿ ನಿಂತಿದ್ದ ಹೆಂಗಸರೂ ಒಬ್ಬೊಬ್ಬರಾಗಿ ತಲೆಯಾಡಿಸಿದರು. ದೊಡ್ಡಮ್ಮನ ಮುಖದಲ್ಲಿ ಆಗ ಬಂದ ಸಂತೋಷವಿದೆಯಲ್ಲ... ಇಡೀ ಬೀದಿಯ ಕಣ್ಣಿಗೆ ಮಣ್ಣೆರಚಿ ಗೆದ್ದವರ ಸಂತೋಷ ಅದು. ಅದನ್ನು ಅವರು ಕೊನೆಯವರೆಗೂ ಇಟ್ಟುಕೊಂಡರು. ನಾವೂ ಯಾರೂ ಕಸಿದುಕೊಳ್ಳಲಿಲ್ಲ.

ಆಮೇಲೆ ಅವರು ಮಣೆಯಿಂದ ಎದ್ದರು. ಸಟ್ಟುಗವನ್ನು ನನ್ನ ಕೈಗೆ ಕೊಟ್ಟು, ಭುಜ ಹಿಡಿದು ಆ ಮಣೆಯ ಮೇಲೆ ಕೂರಿಸಿದರು. ನಾನೇನೋ ಹೇಳಲು ಹೊರಟೆ, ಕೈ ಅಡ್ಡ ಮಾಡಿದರು. ಹೆಂಗಸರ ಕಡೆ ತಿರುಗಿದರು.

"ಎಲ್ಲಾ ಹೊರಗ್ ನಡೀರಿ. ಅವ್ಳು ಕೇಳಿಸ್ಕೋಬೇಕು."

ಆ ದಿನದ ರವೆ ಹೇಗೆ ಬಂತು ಅಂತ ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಆದರೂ ಹೇಳುತ್ತೇನೆ. ಅಂಥ ಹದ ಅಜ್ಜಂಪುರದಲ್ಲಿ ಅದಕ್ಕೂ ಮೊದಲು ಒಬ್ಬರ ಕೈಯಲ್ಲಿ ಮಾತ್ರ ಬಂದಿತ್ತು.

ದೊಡ್ಡಮ್ಮ ಆಮೇಲೆ ಎರಡು ವರ್ಷ ಇದ್ದರು. ನಾನು ಎಲ್ಲಿ ಸಿಹಿ ಮಾಡಲು ಹೋದರೂ ಜೊತೆಗೆ ಬಂದು, ಬಾಗಿಲಲ್ಲಿ ಕಾವಲು ಕೂತವರ ಹಾಗೆ ಕೂತಿರುತ್ತಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅವರು ಹೋದ ದಿನ ನಮ್ಮವರ ಪದ್ಧತಿಯಂತೆ ಅಂಗಳದಲ್ಲಿ ಕೂರಿಸಿದ್ದರು. ಸೇವಂತಿಗೆ, ವಿಭೂತಿ, ಧೂಪ... ಬೀದಿಯ ತುಂಬ ಪರಿಮಳ. ಅಷ್ಟು ಪರಿಮಳದ ನಡುವೆ ಅವರು ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ವಾಲಿಸಿಕೊಂಡು ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ, ಅಭ್ಯಾಸಬಲದಿಂದ ಮೊಣಕಾಲು ತಾಗಿಸಿದೆ. ಆ ಕಡೆಯಿಂದ ಏನೂ ಇರಲಿಲ್ಲ.

ಈಗ ನಮ್ಮತ್ತೆಯೂ ಇಲ್ಲ, ಯಜಮಾನರೂ ಇಲ್ಲ. ಅಜ್ಜಂಪುರಕ್ಕೆ ಹೋದರೆ ಆ ಮೂಲೆಯವರೆಗೆ ನಡೆದು, ತಿರುಗದೆ ವಾಪಸ್ಸು ಬರುತ್ತೇನೆ. ಎಷ್ಟು ಜನಕ್ಕೆ ರವೆಯ ಸದ್ದು ಹೇಳಿಕೊಡಲು ನೋಡಿದೆ, ಎಲ್ಲರೂ ನಕ್ಕು ಎದ್ದು ಹೋದರು. ನಾನು ಹೋದ ಮೇಲೆ ಅದು ಯಾರಿಗೂ ಕೇಳಿಸುವುದಿಲ್ಲ. ಅದಕ್ಕೇ ಬರೆದಿಟ್ಟೆ, ಬರೆದರೆ ಸದ್ದು ಬರುವುದಿಲ್ಲ ಅಂತ ಗೊತ್ತಿದ್ದೂ...

ಆ ಕುಬುಸದ ದಿನ ಮನೆಯಲ್ಲಿದ್ದವರಲ್ಲಿ ಈಗ ಉಳಿದಿರುವುದು ನಾನು ಮತ್ತು ನಾದಿನಿ. ನಿನ್ನೆ ಸಂಜೆ ತರೀಕೆರೆಗೆ ಫೋನು ಮಾಡಿ, ಇಲ್ಲಿಯ ತನಕ ಬರೆದದ್ದನ್ನೆಲ್ಲ ಓದಿ ಹೇಳಿದೆ. ದೊಡ್ಡಮ್ಮ ಹೋದ ಭಾಗಕ್ಕೆ ಬಂದಾಗ ಅವಳು ಮೂಗು ಸೀಟಿದ್ದು ಕೇಳಿಸಿತು. ಹೇಗಿದೆಯೇ, ಏನಾದರೂ ಬಿಟ್ಟಿದ್ದೀನಾ ಅಂತ ಬೀಗುತ್ತ ಕೇಳಿದೆ. ನಾದಿನಿ ಅಂದಳು:

"ನೀವು ಮೂರು ಜನ ಸೇರ್ಕೊಂಡು ಒಬ್ರ ಮಾನ ಒಬ್ರು ಉಳಿಸ್ಕೊಂಡಿದ್ದೇ ಬರ್ದಿದೀರಲ್ಲ ಅತ್ಗೆ, ಅವತ್ತು ಆ ಮುನ್ನೂರ್ರಲ್ಲಿ ಬಸ್ರಿಗೆ ಅಂತ ಒಂದ್ ಉಂಡೆ ಉಳ್ಸಿದ್ರಾ?"